ಮೂರನೆಯ ಮುಡಿ: ಬೆನ್ನಿನ ಚೀಲ ಕಟ್ಟುವ ಮುಂಚೆ ಎರಡು ಮಾತು

ಸ್ವಾಮಿಯೇ ಶರಣಂ ಅಯ್ಯಪ್ಪ.



ಮೊನ್ನೆ ಸಂಜೆ ಪೂಜೆ ಮುಗಿದ ಮೇಲೆ ಗುರುಸ್ವಾಮಿಗಳು ನನ್ನನ್ನು ಕರೆದು, "ಈ ವಾರದ ಬರಹ ನೀವು ಬರೀರಿ ಸ್ವಾಮಿ. ಚೀಲದ ಬಗ್ಗೆ ಬರೀರಿ" ಎಂದರು. ಚೀಲದ ಬಗ್ಗೆ ನಾನೇ ಯಾಕೆ ಬರೆಯಬೇಕು ಎಂಬುದು ಅವರಿಗೂ ಗೊತ್ತು, ನನಗೂ ಗೊತ್ತು. ನನಗೆ ಇದು ಎರಡನೆಯ ಮಾಲೆ ಅಷ್ಟೇ. ಉಪದೇಶ ಮಾಡುವ ಯೋಗ್ಯತೆ ನನಗಿಲ್ಲ. ಹೋದ ವರ್ಷ ನಾನು ಮಾಡಿದ ತಪ್ಪನ್ನು ಹೇಳುತ್ತೇನೆ. ನಿಮ್ಮಲ್ಲಿ ಒಬ್ಬರು ಆ ತಪ್ಪು ಮಾಡದೆ ಉಳಿದರೂ ಸಾಕು.

ಮೊದಲು ಇರುಮುಡಿಯಿಂದ ಶುರು ಮಾಡೋಣ. 'ಇರು' ಅಂದರೆ ಎರಡು, 'ಮುಡಿ' ಅಂದರೆ ಗಂಟು. ಮುಂದಿನ ಮುಡಿಯಲ್ಲಿ ಸ್ವಾಮಿಗೆ ಅರ್ಪಿಸುವ ವಸ್ತು. ಹಿಂದಿನ ಮುಡಿಯಲ್ಲಿ ನಮ್ಮ ದಾರಿಯ ಬುತ್ತಿ. ಮುಂದಿನ ಮುಡಿಯ ಮುಖ್ಯ ವಸ್ತು ತುಪ್ಪದ ಕಾಯಿ. ತೆಂಗಿನಕಾಯಿಯ ನಾರು ಕೆರೆದು ನುಣುಪು ಮಾಡಿ, ಕಣ್ಣು ತೆಗೆದು, ಒಳಗಿನ ನೀರು ಚೆಲ್ಲಿ, ಶರಣು ಹೇಳುತ್ತಾ ತುಪ್ಪ ತುಂಬಿ ಬಾಯಿ ಮುಚ್ಚುತ್ತೇವೆ. ಸಂಸಾರದ ನೀರು ಹೊರಗೆ ಹೋಗಿ ಭಕ್ತಿಯ ತುಪ್ಪ ಒಳಗೆ ಬರಬೇಕು ಎಂದು ಹಿರಿಯರು ಹೇಳುತ್ತಾರೆ. ಬೆಟ್ಟದ ಮೇಲೆ ಕಾಯಿ ಒಡೆದಾಗ ತುಪ್ಪ ಸ್ವಾಮಿಯ ಅಭಿಷೇಕಕ್ಕೆ ಹೋಗುತ್ತದೆ, ಚಿಪ್ಪು ಆಳಿಯ ಬೆಂಕಿಗೆ ಬೀಳುತ್ತದೆ. ತುಪ್ಪ ನಮ್ಮ ಆತ್ಮ, ಚಿಪ್ಪು ಈ ದೇಹ.

ಹಿಂದಿನ ಮುಡಿಯ ಅರ್ಥವನ್ನು ನಾವು ಅಷ್ಟಾಗಿ ಯೋಚಿಸುವುದಿಲ್ಲ. ಬಸ್ಸು, ಹೋಟೆಲು ಏನೂ ಇಲ್ಲದ ಕಾಲದಲ್ಲಿ ಎರುಮೇಲಿಯಿಂದ ಪೇರೂರುತೋಡು, ಅಳುದಾ ನದಿ, ಕರಿಮಲೆ ದಾಟಿ ಪಂಪೆಗೆ 40 ಕಿಲೋಮೀಟರಿಗೂ ಹೆಚ್ಚು ಕಾಡುದಾರಿ ನಡೆಯುತ್ತಿದ್ದವರು ಹಿಂದಿನ ಮುಡಿಯ ಅಕ್ಕಿಯನ್ನೇ ದಾರಿಯಲ್ಲಿ ಬೇಯಿಸಿ ಉಣ್ಣುತ್ತಿದ್ದರು. ನಡೆದಂತೆ ಹಿಂದಿನ ಮುಡಿ ಹಗುರವಾಗುತ್ತಿತ್ತು, ಮುಂದಿನ ಮುಡಿ ಹಾಗೇ ಇರುತ್ತಿತ್ತು. ಬೆಟ್ಟ ಹತ್ತುವ ಹೊತ್ತಿಗೆ ತಲೆಯ ಮೇಲೆ ಉಳಿಯುತ್ತಿದ್ದದ್ದು ಸ್ವಾಮಿಯದು ಮಾತ್ರ. ನಮ್ಮದು ಅನ್ನುವುದು ಕರಗಿ ಹೋಗಿರುತ್ತಿತ್ತು. ಇಡೀ ಯಾತ್ರೆಯ ಪಾಠವನ್ನು ಒಂದು ಬಟ್ಟೆಯ ಗಂಟಿನೊಳಗೆ ಕಟ್ಟಿಟ್ಟಿದ್ದಾರೆ, ನೋಡಿ ಸ್ವಾಮಿ.

ಈಗ ನಮ್ಮ ಕಾಲಕ್ಕೆ ಬನ್ನಿ. ತಲೆಯ ಮೇಲೆ ಎರಡು ಮುಡಿ ಇದೆ, ಬೆನ್ನ ಮೇಲೆ ಇನ್ನೊಂದು ಇದೆ. ಅದೇ ನಮ್ಮ ಬ್ಯಾಕ್‌ಪ್ಯಾಕು. ಇದನ್ನು ನಾನು ಮೂರನೆಯ ಮುಡಿ ಅನ್ನುತ್ತೇನೆ. ಇರುಮುಡಿ ಕಟ್ಟುವಾಗ ಗುರುಸ್ವಾಮಿ ಇರುತ್ತಾರೆ, ಮನೆಯವರು ಬಂದು ಬೊಗಸೆಯಲ್ಲಿ ಅಕ್ಕಿ ಹಾಕುತ್ತಾರೆ, ಸುತ್ತ ಶರಣುಘೋಷ ಕೇಳುತ್ತಿರುತ್ತದೆ. ಮೂರನೆಯ ಮುಡಿಯನ್ನು ಮಾತ್ರ ನಾವು ರಾತ್ರಿ ಹನ್ನೊಂದಕ್ಕೆ ರೂಮಿನಲ್ಲಿ ಒಬ್ಬರೇ ಕೂತು, ಮೊಬೈಲ್ ನೋಡುತ್ತಾ, ಕೈಗೆ ಸಿಕ್ಕಿದ್ದನ್ನು ತುರುಕಿ ಜಿಪ್ಪು ಎಳೆಯುತ್ತೇವೆ. ನಾನೂ ಹಾಗೇ ಮಾಡಿದ್ದೆ.

ಹೋದ ವರ್ಷ ನನ್ನ ಜೊತೆ ಅಪ್ಪನೂ ಬಂದಿದ್ದರು. ಅವರಿಗೆ ಅದು ಏಳನೆಯ ಮಲೆ, ನನಗೆ ಕನ್ನಿ ವರ್ಷ. ಇರುಮುಡಿಗೆಂದು ರಾಯಚೂರು ಕಡೆಯ ನಮ್ಮ ಊರಿನಿಂದ ಹೈದರಾಬಾದಿಗೆ ಬಂದರು. ಅವರ ಹತ್ತಿರ ಇದ್ದದ್ದು ಒಂದು ಬಟ್ಟೆಯ ಜೋಳಿಗೆ ಮಾತ್ರ. ನಾನು ದೊಡ್ಡಸ್ತಿಕೆಯಿಂದ, "ನಿಮ್ಮದನ್ನೂ ನನ್ನ ಬ್ಯಾಗಿನಲ್ಲೇ ಹಾಕ್ತೀನಿ, ನೀವು ಬರಿಗೈಲಿ ಬರ್ರಿ ಸ್ವಾಮಿ" ಎಂದೆ. ಅವರ ಪಂಚೆ, ಟವೆಲು, ಬಿ.ಪಿ. ಮಾತ್ರೆ ಎಲ್ಲಾ ನನ್ನ ಬ್ಯಾಗಿಗೆ ಹೋಯಿತು. ಅವರ ಬಟ್ಟೆಯ ಮೇಲೆ ನನ್ನ ಮೂರು ಜೊತೆ ಬಟ್ಟೆ, ಕಂಬಳಿ, ಎರಡು ಪವರ್ ಬ್ಯಾಂಕು, ಚಕ್ಕುಲಿ ಡಬ್ಬಿ, ಎರಡು ಲೀಟರಿನ ನೀರಿನ ಬಾಟಲಿ ಇಟ್ಟೆ. ಎಲ್ಲಕ್ಕಿಂತ ಮೇಲೆ, ಕೈಗೆ ಥಟ್ಟನೆ ಸಿಗುವ ಹಾಗೆ, ಆಫೀಸಿನ ಲ್ಯಾಪ್‌ಟಾಪ್ ಮತ್ತು ಚಾರ್ಜರು ಇಟ್ಟೆ.

ನಾನು ಐಟಿ ಸಪೋರ್ಟಿನಲ್ಲಿ ಕೆಲಸ ಮಾಡುವವನು. ಆ ವಾರ ನನಗೆ ಆನ್-ಕಾಲ್ ಡ್ಯೂಟಿ ಇತ್ತು. ಬೇರೆಯವರಿಗೆ ಬದಲಿ ಹಾಕಿ ಎಂದು ಕೇಳಲು ನನಗೆ ಹೆದರಿಕೆ. ಯಾರೂ ಇಲ್ಲ ಅಂದಿರಲಿಲ್ಲ, ನಾನೇ ಕೇಳಿರಲಿಲ್ಲ. ಬೆಟ್ಟದ ಮೇಲೆ ಕೂತಾದರೂ ಟಿಕೆಟ್ ನೋಡುತ್ತೇನೆ ಎಂದುಕೊಂಡಿದ್ದೆ.

ಹೊರಡುವ ಮುಂಚೆ ಅಪ್ಪ ಬ್ಯಾಗು ಎತ್ತಿ ನೋಡಿ, "ಭಾಳ ವಜ್ಜಿ ಐತಲ್ಲ ಸ್ವಾಮಿ" ಎಂದರು. ತೂಗಿದರೆ 14 ಕಿಲೋ. ನನ್ನ ಮೈತೂಕ 62. "ಜಿಮ್ಮಿಗೆ ಹೋಗ್ತೀನಿ, ಏನಾಗಲ್ಲ" ಅಂದೆ.

ಸಿಕಂದರಾಬಾದಿನಿಂದ ಶಬರಿ ಎಕ್ಸ್‌ಪ್ರೆಸ್ ಹತ್ತಿ ಚೆಂಗನ್ನೂರಿನಲ್ಲಿ ಇಳಿದು, ಅಲ್ಲಿಂದ ಬಸ್ಸಿನಲ್ಲಿ ಪಂಪೆಗೆ ಹೋದೆವು. ರೈಲಿನಿಂದ ಇಳಿಯುವ ಗಡಿಬಿಡಿಯಲ್ಲಿ ಅಪ್ಪನ ಬೆಳಗಿನ ಮಾತ್ರೆ ತಪ್ಪಿತು. "ಆಮೇಲೆ ಕೊಡು" ಎಂದರು, ನಾನೂ ಹೂಂ ಎಂದು ಮರೆತೆ. ಪಂಪೆಯಲ್ಲಿ ಸ್ನಾನ ಮಾಡಿ, ಗಣಪತಿಗೆ ಕೈ ಮುಗಿದು, ಸಂಜೆ ನೀಲಿಮಲೆ ಹತ್ತಲು ಶುರು ಮಾಡಿದೆವು.

ಪಂಪೆಯಿಂದ ಸನ್ನಿಧಾನಕ್ಕೆ ಸುಮಾರು 5 ಕಿಲೋಮೀಟರು. ದೂರ ಕಡಿಮೆಯೇ, ಆದರೆ ನೀಲಿಮಲೆಯಿಂದ ಅಪ್ಪಾಚಿಮೇಡಿನ ತನಕ ಏರು ಎದೆಗೆ ಬಡಿಯುತ್ತದೆ. ಒಂದು ಕೈ ತಲೆಯ ಮೇಲಿನ ಇರುಮುಡಿ ಹಿಡಿದಿತ್ತು. ಬೆನ್ನಿನ ಭಾರ ಹಿಂದಕ್ಕೆ ಜಗ್ಗುತ್ತಿತ್ತು. ಹಿಂದಕ್ಕೆ ಜಗ್ಗಿದಾಗ ಸೊಂಟ ಮುಂದಕ್ಕೆ ಬಾಗುತ್ತದೆ, ಸೊಂಟ ಬಾಗಿದರೆ ಕುತ್ತಿಗೆ ಬಾಗುತ್ತದೆ, ಆಗ ಇರುಮುಡಿ ಜಾರುತ್ತದೆ. ಅರ್ಧ ದಾರಿಯಲ್ಲೇ ಶರಣು ಹೇಳಲು ನನಗೆ ಉಸಿರು ಸಾಲದಾಯಿತು. ಪಕ್ಕದಲ್ಲಿ ಅಪ್ಪ ಹೇಗೆ ನಡೆಯುತ್ತಿದ್ದಾರೆ ಎಂದು ತಿರುಗಿ ನೋಡಲೂ ಇಲ್ಲ.

ಅಪ್ಪಾಚಿಮೇಡಿನ ಹತ್ತಿರ ಅವರು ಕಂಬಿ ಹಿಡಿದು ಹಾಗೇ ಕುಸಿದು ಕೂತರು. ಮುಖದ ತುಂಬಾ ಬೆವರು. ಕರೆದರೆ ಮಾತಿಲ್ಲ.

ಮಾಲೆ ಹಾಕಿದ ದಿನದಿಂದ ಅವರನ್ನು ಸ್ವಾಮಿ ಸ್ವಾಮಿ ಎಂದೇ ಕರೆದಿದ್ದೆ. ಆ ಗಳಿಗೆಯಲ್ಲಿ ಬಾಯಿಂದ ಬಂದದ್ದು "ಅಪ್ಪಾ".

ಅವರ ಇರುಮುಡಿ ಜಾರುತ್ತಿತ್ತು. ಅದನ್ನು ನೆಲಕ್ಕೆ ಬಿಡಬಾರದು. ನನ್ನ ತಲೆಯ ಮೇಲೆ ನನ್ನ ಇರುಮುಡಿ, ಬೆನ್ನ ಮೇಲೆ 14 ಕಿಲೋ, ಬಗ್ಗಲೂ ಆಗಲಿಲ್ಲ. ಅಷ್ಟರಲ್ಲಿ ಹಿಂದೆ ಬರುತ್ತಿದ್ದ ಒಬ್ಬ ಸ್ವಾಮಿ ಮುಂದೆ ಬಂದು ಅಪ್ಪನ ಇರುಮುಡಿಯನ್ನು ಎತ್ತಿ ತಮ್ಮ ಇರುಮುಡಿಯ ಮೇಲೆ ಇಟ್ಟುಕೊಂಡರು. ಇನ್ನೊಂದು ಕೈಯಿಂದ ಅಪ್ಪನ ತೋಳು ಹಿಡಿದರು. ತಮಿಳು ಮಾತಾಡುತ್ತಿದ್ದರು, ವಯಸ್ಸು ಅಪ್ಪನಷ್ಟೇ ಇರಬಹುದು. ಅವರ ಬೆನ್ನ ಮೇಲೆ ಏನೂ ಇರಲಿಲ್ಲ. ಹೆಗಲಿಗೆ ಒಂದು ಸಣ್ಣ ಜೋಳಿಗೆ ಮಾತ್ರ.

ದಾರಿಯುದ್ದಕ್ಕೂ ತುರ್ತು ಚಿಕಿತ್ಸಾ ಕೇಂದ್ರಗಳಿವೆ. ಅಲ್ಲಿಗೆ ಕರೆದೊಯ್ದೆವು. ಬಿ.ಪಿ. ನೋಡಿದರು, ಆಮ್ಲಜನಕ ಕೊಟ್ಟರು. "ಇವರು ಯಾವ ಮಾತ್ರೆ ತಗೊಳ್ತಾರೆ?" ಎಂದು ಕೇಳಿದರು. ನನಗೆ ಹೆಸರು ಗೊತ್ತಿರಲಿಲ್ಲ. ಮಾತ್ರೆ ಬ್ಯಾಗಿನ ತಳದಲ್ಲಿ, ಪಂಚೆಯ ಮಡಿಕೆಯೊಳಗೆ ಇತ್ತು. ಟ್ಯೂಬ್‌ಲೈಟಿನ ಬೆಳಕಿನಲ್ಲಿ ನೆಲದ ಮೇಲೆ ಕೂತು ಒಂದೊಂದೇ ತೆಗೆದೆ. ಲ್ಯಾಪ್‌ಟಾಪು ಬಂತು, ಚಾರ್ಜರು, ಪವರ್ ಬ್ಯಾಂಕು, ಚಕ್ಕುಲಿ ಡಬ್ಬಿ ಬಂದವು. ಆಫೀಸಿನಲ್ಲಿ ಎಷ್ಟೋ ಲ್ಯಾಪ್‌ಟಾಪಿನ ಸೀರಿಯಲ್ ನಂಬರು ನನಗೆ ಬಾಯಿಪಾಠ. ಅಪ್ಪ ದಿನಾ ನುಂಗುವ ಮಾತ್ರೆಯ ಹೆಸರು ಗೊತ್ತಿಲ್ಲ. ಡಾಕ್ಟರು ಏನೂ ಅನ್ನಲಿಲ್ಲ. ಕೊನೆಗೆ ಮಾತ್ರೆಯ ಪಟ್ಟಿ ಸಿಕ್ಕಾಗ ನನ್ನ ಕೈ ನಡುಗುತ್ತಿತ್ತು.

ಸ್ವಾಮಿಯ ದಯೆ. ಒಂದೆರಡು ಗಂಟೆ ಮಲಗಿದ ಮೇಲೆ ಅಪ್ಪ ಎದ್ದು ಕೂತರು. ಡಾಕ್ಟರು ನಿಧಾನವಾಗಿ ಹೋಗಿ ಎಂದ ಮೇಲೆ ಹೊರಟೆವು. ಆ ತಮಿಳು ಸ್ವಾಮಿ ಅಷ್ಟು ಹೊತ್ತೂ ಎರಡು ಇರುಮುಡಿ ಕಾಯುತ್ತಾ ಬಾಗಿಲ ಹೊರಗೆ ಕೂತಿದ್ದರು. ಹೆಸರು ಕೇಳಿದರೆ "ಸ್ವಾಮಿ" ಎಂದು ನಕ್ಕು ಮುಂದೆ ಹೋದರು. ಲ್ಯಾಪ್‌ಟಾಪನ್ನು ನಾನು ಇಡೀ ಯಾತ್ರೆಯಲ್ಲಿ ಒಂದು ಸಲವೂ ತೆರೆಯಲಿಲ್ಲ.

ಆ ರಾತ್ರಿ ಹದಿನೆಂಟು ಮೆಟ್ಟಿಲು ಹತ್ತಿ ಮೇಲೆ ನಿಂತಾಗ ಎದುರಿಗೆ 'ತತ್ವಮಸಿ' ಎಂಬ ಬರಹ ಕಂಡಿತು. ನೀನು ಹುಡುಕುತ್ತಿರುವುದು ನೀನೇ ಎಂದು ಅದರ ಅರ್ಥ ಹೇಳುತ್ತಾರೆ. ಪಂಡಿತರು ಅದನ್ನು ಇನ್ನೂ ಆಳವಾಗಿ ವಿವರಿಸುತ್ತಾರೆ. ನನಗೆ ಆ ದಿನ ತಿಳಿದದ್ದು ಇಷ್ಟೇ. ಅಪ್ಪನನ್ನು ಇಷ್ಟು ದಿನ ಬಾಯಲ್ಲಿ ಸ್ವಾಮಿ ಎಂದು ಕರೆದೆ, ಚೀಲದಲ್ಲಿ ಮಾತ್ರ ತಳಕ್ಕೆ ಹಾಕಿದ್ದೆ. ನನ್ನ ಹೆದರಿಕೆಯನ್ನು ಮೇಲೆ ಇಟ್ಟುಕೊಂಡಿದ್ದೆ. ನಮ್ಮ ಕೆಲಸದಲ್ಲಿ ಟಿಕೆಟ್‌ಗಳಿಗೆ ಪಿ-ಒನ್, ಪಿ-ಟೂ ಎಂದು ಆದ್ಯತೆ ಕೊಡುತ್ತೇವೆ. ನನ್ನ ಬ್ಯಾಗು ತೆರೆದು ನೋಡಿದ್ದರೆ ಯಾರಿಗೆ ಬೇಕಾದರೂ ನನ್ನ ಜೀವನದ ಪಿ-ಒನ್ ಏನು ಎಂದು ತಿಳಿಯುತ್ತಿತ್ತು.

ಇಳಿಯುವಾಗ ಗುರುಸ್ವಾಮಿಗಳು ಒಂದು ಮಾತು ಹೇಳಿದರು: "ಸ್ವಾಮಿ, ಚೀಲ ಹಗುರ ಇರಬೇಕು ಅನ್ನೋದು ನಿಮ್ಮ ಬೆನ್ನಿನ ಸುಖಕ್ಕಲ್ಲ. ಪಕ್ಕದವರು ಬಿದ್ದಾಗ ಎತ್ತಲಿಕ್ಕೆ ಕೈ ಖಾಲಿ ಇರಲಿ ಅಂತ." ಈ ಬರಹದಲ್ಲಿ ನಿಮಗೆ ಒಂದೇ ಒಂದು ಮಾತು ನೆನಪಿರುವುದಾದರೆ ಅದು ಇದೇ ಇರಲಿ.

ಈಗ ಕೆಲಸದ ಮಾತು. ಈ ವರ್ಷ ನಾವು ಗುಂಪಿನಲ್ಲಿ ಚೀಲ ಕಟ್ಟುವ ಕ್ರಮ ಹೀಗಿದೆ.

ತೂಕ. ಚಾರಣ ಮಾಡುವವರು ಒಂದು ದಿನದ ನಡಿಗೆಗೆ ಮೈತೂಕದ ಹತ್ತರಲ್ಲಿ ಒಂದು ಭಾಗಕ್ಕಿಂತ ಹೆಚ್ಚು ಹೊರಬಾರದು ಎನ್ನುತ್ತಾರೆ. 60 ಕಿಲೋ ಇರುವವರಿಗೆ 6 ಕಿಲೋ, ನೀರು ಸೇರಿಸಿ. ತಲೆಯ ಮೇಲೆ ಇರುಮುಡಿಯೂ ಇರುವುದರಿಂದ ನಾವು 5 ಕಿಲೋ ಎಂದು ಇಟ್ಟುಕೊಂಡಿದ್ದೇವೆ. ಮನೆಯಲ್ಲೇ ತೂಗಿ ನೋಡಿ.

ಜೋಡಿಸುವ ರೀತಿ. ರಾತ್ರಿ ಮಾತ್ರ ಬೇಕಾಗುವ ಹೊದಿಕೆ, ಬದಲಿ ಬಟ್ಟೆ ತಳಕ್ಕೆ. ಭಾರದ ವಸ್ತು ನಡುವೆ, ಬೆನ್ನಿಗೆ ಒತ್ತಿಕೊಂಡಿರಲಿ. ಭಾರ ಹೊರಗಿನ ಕಡೆ ಹೋದಷ್ಟೂ ಹಿಂದಕ್ಕೆ ಜಗ್ಗುತ್ತದೆ, ತಲೆಯ ಮೇಲಿನ ಇರುಮುಡಿಯ ಹದ ತಪ್ಪುತ್ತದೆ. ಎಡಕ್ಕೂ ಬಲಕ್ಕೂ ತೂಕ ಸಮ ಇರಲಿ. ಮಳೆ ಅಂಗಿ ಮೇಲೆ ಇರಲಿ, ಮಂಡಲ ಕಾಲದಲ್ಲಿ ಆ ಕಡೆ ಹಿಂಗಾರು ಮಳೆ ಯಾವಾಗ ಬೇಕಾದರೂ ಸುರಿಯುತ್ತದೆ. ಪಟ್ಟಿ ಎರಡೂ ಹೆಗಲಿಗೆ ಹಾಕಿ ಬಿಗಿ ಮಾಡಿ. ಸೊಂಟದ ಪಟ್ಟಿ ಇದ್ದರೆ ಕಟ್ಟಿ, ಭಾರ ಹೆಗಲಿನಿಂದ ಸೊಂಟಕ್ಕೆ ಇಳಿಯುತ್ತದೆ.

ಹೊರಗಿನ ಜೇಬು. ಮಾತ್ರೆ, ವೈದ್ಯರ ಚೀಟಿ, ಗುರುತಿನ ಚೀಟಿ, ವರ್ಚುವಲ್ ಕ್ಯೂ ಪಾಸು ಇಲ್ಲಿರಲಿ. ಕತ್ತಲಲ್ಲಿ ಕಣ್ಣು ಮುಚ್ಚಿಕೊಂಡು ಕೈ ಹಾಕಿದರೂ ಸಿಗಬೇಕು. ಒಂದು ಕಾಗದದಲ್ಲಿ ಹೆಸರು, ವಯಸ್ಸು, ಕಾಯಿಲೆ, ಮಾತ್ರೆಯ ಹೆಸರು, ಮನೆಯವರ ಫೋನ್ ನಂಬರು ಬರೆದಿಡಿ. ಹಿರಿಯರ ಮಾತ್ರೆ ಹಿರಿಯರ ಹತ್ತಿರವೇ ಇರಲಿ, ಒಂದು ಪಟ್ಟಿ ನಿಮ್ಮ ಹತ್ತಿರವೂ ಇರಲಿ. ವ್ರತ ಎಂದು ಮಾತ್ರೆ ಬಿಡಬೇಡಿ. ಕೇರಳದ ಆರೋಗ್ಯ ಇಲಾಖೆಯವರೂ ಇದನ್ನೇ ಹೇಳುತ್ತಾರೆ: ವ್ರತದಲ್ಲೂ ಔಷಧ ನಿಲ್ಲಿಸಬೇಡಿ, ನಿಧಾನವಾಗಿ ಹತ್ತಿ, ಎದೆ ನೋವು, ಉಸಿರಾಟದ ತೊಂದರೆ ಬಂದರೆ ತಕ್ಷಣ ಸಹಾಯ ಕೇಳಿ.

ಇರುಮುಡಿಯೊಳಗೆ. ಇದನ್ನು ಗುರುಸ್ವಾಮಿಗಳೇ ನೋಡಿಕೊಳ್ಳುತ್ತಾರೆ. ಆದರೂ ಬೇಗಂ ಬಜಾರಿನಲ್ಲಿ ಪೂಜಾ ಸಾಮಾನು ತರಲು ಹೋಗುವ ಕನ್ನಿಸ್ವಾಮಿಗಳಿಗೆ ಒಂದು ಮಾತು. 2024ರ ಮಂಡಲ ಕಾಲದಲ್ಲಿ ಶಬರಿಮಲೆಯ ತಂತ್ರಿಗಳೇ ಕರ್ಪೂರ, ಊದುಬತ್ತಿ, ಪನ್ನೀರು ಇರುಮುಡಿಯಲ್ಲಿ ಬೇಡ ಎಂದು ತಿಳಿಸಿದ್ದಾರೆ. ಅವು ಪೂಜೆಗೆ ಬಳಕೆಯಾಗದೆ ಕಸವಾಗುತ್ತವೆ. ಅಂಗಡಿಯವರು ಕೊಡುವ ಪ್ಲಾಸ್ಟಿಕ್ ಪೊಟ್ಟಣದ ಸೆಟ್ಟು ತರಬೇಡಿ. ಇರುಮುಡಿಯಲ್ಲಿ ಪ್ಲಾಸ್ಟಿಕ್ ಇರಬಾರದು ಎಂದು ಕೇರಳ ಹೈಕೋರ್ಟೇ ಹೇಳಿದೆ. ಅರಿಶಿನ, ಅಕ್ಕಿ, ಬೆಲ್ಲ, ವಾವರಸ್ವಾಮಿಗೆ ಕೊಡುವ ಕರಿಮೆಣಸು ಎಲ್ಲವನ್ನೂ ಕಾಗದದಲ್ಲೋ ಸಣ್ಣ ಬಟ್ಟೆಯಲ್ಲೋ ಕಟ್ಟಬಹುದು. ಆ ಬೆಟ್ಟ ಪೆರಿಯಾರ್ ಹುಲಿ ಸಂರಕ್ಷಿತ ಪ್ರದೇಶದಲ್ಲಿದೆ. ನಾವು ಬಿಟ್ಟು ಬಂದ ಪ್ಲಾಸ್ಟಿಕ್ಕನ್ನು ಆನೆ, ಜಿಂಕೆ ತಿನ್ನುತ್ತವೆ. ಅದು ಸ್ವಾಮಿಯ ಪೂಂಗಾವನ. 2011ರಲ್ಲಿ ಅಲ್ಲಿ 'ಪುಣ್ಯಂ ಪೂಂಗಾವನಂ' ಎಂಬ ಸ್ವಚ್ಛತೆಯ ಕೆಲಸ ಶುರುವಾಗಿತ್ತು. ಅಲ್ಲಿ ಸ್ವಚ್ಛ ಮಾಡುವವರಿಗೆ ನಮ್ಮಿಂದ ಕೆಲಸ ಹೆಚ್ಚಾಗುವುದು ಬೇಡ.

ಪಂಪೆಯಲ್ಲಿ. ಹಳೆ ಬಟ್ಟೆ ನದಿಗೆ ಬಿಡುವುದು ಆಚಾರವೇ ಅಲ್ಲ. ಒದ್ದೆ ಬಟ್ಟೆ ಹಾಕಿಕೊಳ್ಳಲು ಒಂದು ಖಾಲಿ ಬಟ್ಟೆಯ ಚೀಲ ಇಟ್ಟುಕೊಳ್ಳಿ. ತಂದದ್ದನ್ನೆಲ್ಲಾ ವಾಪಸು ತನ್ನಿ.

ರೈಲಿನಲ್ಲಿ. ಬೋಗಿಯೊಳಗೆ ಕರ್ಪೂರ, ದೀಪ, ಊದುಬತ್ತಿ ಹಚ್ಚಬೇಡಿ ಎಂದು ದಕ್ಷಿಣ ಮಧ್ಯ ರೈಲ್ವೆಯವರು ಎಚ್ಚರಿಸುತ್ತಾರೆ. ಭಜನೆಗೆ ಬಾಯಿ ಸಾಕು, ಬೆಂಕಿ ಬೇಡ. ವಿಮಾನದಲ್ಲಿ ಹೋಗುವವರಿಗೆ 2024ರ ಅಕ್ಟೋಬರ್‌ನಿಂದ ಇರುಮುಡಿಯ ಕಾಯಿಯನ್ನು ಜೊತೆಯಲ್ಲೇ ಒಯ್ಯಲು ಯಾತ್ರೆಯ ಕಾಲಕ್ಕೆಂದು ಅನುಮತಿ ಕೊಟ್ಟಿದ್ದರು. ಹೊರಡುವ ಮುಂಚೆ ಈ ವರ್ಷದ ನಿಯಮ ಕೇಳಿಕೊಳ್ಳಿ.

ಅಭ್ಯಾಸ. ನಮ್ಮಲ್ಲಿ ಹೆಚ್ಚಿನವರು ಮಾದಾಪುರ, ಗಚ್ಚಿಬೌಲಿ ಕಡೆ ದಿನವಿಡೀ ಎಸಿ ಕೆಳಗೆ ಕೂತು ಕೆಲಸ ಮಾಡುವವರು. 41 ದಿನದ ವ್ರತ ದೇಹಕ್ಕೂ ತಯಾರಿ ಎಂದುಕೊಳ್ಳಿ. ಮೆಟ್ರೋ ಸ್ಟೇಷನ್ನಿನಲ್ಲಿ ಎಸ್ಕಲೇಟರ್ ಬಿಟ್ಟು ಮೆಟ್ಟಿಲು ಹತ್ತಿ. ಒಂದು ಭಾನುವಾರ ಬೆಳಿಗ್ಗೆ ಕಟ್ಟಿದ ಚೀಲದ ಸಮೇತ ಗೋಲ್ಕೊಂಡ ಕೋಟೆಗೆ ಹೋಗಿ. ಬಾಲಾ ಹಿಸಾರ್ ತನಕ ಮುನ್ನೂರಕ್ಕೂ ಹೆಚ್ಚು ಮೆಟ್ಟಿಲಿವೆ. ಅಲ್ಲಿ ಹೆಗಲು ಉಜ್ಜಿದರೆ, ಸೊಂಟ ನೊಂದರೆ, ಮನೆಗೆ ಬಂದು ಚೀಲ ಬಿಚ್ಚಿ ಮತ್ತೆ ಕಟ್ಟಿ. ನಾವು ಹೋದ ಭಾನುವಾರ ಹೋಗಿದ್ದೆವು. ನಮ್ಮ ಒಬ್ಬ ಕನ್ನಿಸ್ವಾಮಿ ಮೇಲೆ ಹತ್ತಿದ ಮೇಲೆ ಚೀಲ ತೆರೆದು, "ಇಸ್ತ್ರಿ ಪೆಟ್ಟಿಗೆ ಯಾಕೆ ತಂದೆ ಅಂತ ನನಗೇ ಗೊತ್ತಿಲ್ಲ ಸ್ವಾಮಿ" ಎಂದರು. ಎಲ್ಲರೂ ನಕ್ಕೆವು. ನಾನು ಸ್ವಲ್ಪ ಕಡಿಮೆ ನಕ್ಕೆ.

ಕೊನೆಗೆ ಒಂದು ಸಣ್ಣ ಸಾಧನೆ ಹೇಳುತ್ತೇನೆ. ಚೀಲ ಕಟ್ಟುವ ಮುಂಚೆ ದೀಪ ಹಚ್ಚಿ, ಮೊಬೈಲು ದೂರ ಇಡಿ. ಒಂದೊಂದು ವಸ್ತುವನ್ನೂ ಕೈಯಲ್ಲಿ ಹಿಡಿದು ಮೂರು ಪ್ರಶ್ನೆ ಕೇಳಿಕೊಳ್ಳಿ. ಇದು ಸ್ವಾಮಿಗಾಗಿಯೋ, ನನ್ನ ಅಗತ್ಯಕ್ಕೋ, ನನ್ನ ಹೆದರಿಕೆಗೋ? ಪಕ್ಕದವರಿಗೂ ಇದು ಉಪಯೋಗಕ್ಕೆ ಬರುತ್ತದೆಯೋ? ಇದನ್ನು ನಾನು ವಾಪಸು ತರುತ್ತೇನೆಯೋ? ಹೆದರಿಕೆಗೆ ಇಟ್ಟದ್ದನ್ನು ತೆಗೆದು ಪಕ್ಕಕ್ಕಿಡಿ. ಇಡುವಾಗ ಒಂದು ಶರಣು ಹೇಳಿ. ಎರಡು ಮುಡಿ ಕಟ್ಟುವಾಗ ಹೇಳುವ ಶರಣನ್ನು ಮೂರನೆಯದಕ್ಕೂ ಹೇಳೋಣ.

ಈ ವರ್ಷ ನಾನು ಕಂಪನಿಯಲ್ಲಿ ಬದಲಿ ಕೇಳಿದೆ. ಜೊತೆಯವನೊಬ್ಬ ಎರಡೇ ನಿಮಿಷದಲ್ಲಿ ಒಪ್ಪಿಕೊಂಡ. ಅವನು ಸಂಕ್ರಾಂತಿಗೆ ಊರಿಗೆ ಹೋಗುವಾಗ ನಾನು ಅವನ ಪಾಳಿ ನೋಡಿಕೊಳ್ಳುತ್ತೇನೆ. ಒಂದು ವರ್ಷ ಹೊತ್ತ ಭಾರ ಎರಡು ನಿಮಿಷದ ಮಾತಿನಲ್ಲಿ ಇಳಿಯಿತು.

ಅಪ್ಪ ಈ ಸಲವೂ ಬರುತ್ತಿದ್ದಾರೆ. ಡಾಕ್ಟರಿಗೆ ತೋರಿಸಿದ್ದೇವೆ, ನಿಧಾನವಾಗಿ ಹತ್ತಬಹುದು ಎಂದಿದ್ದಾರೆ. ಮೊನ್ನೆ ಫೋನಿನಲ್ಲಿ ನಾನು ಅವರ ಮಾತ್ರೆಯ ಹೆಸರು, ಎಷ್ಟು ಮಿಲಿಗ್ರಾಮು, ಯಾವ ಹೊತ್ತಿಗೆ ಎಂದು ಒಪ್ಪಿಸಿದೆ. ಆ ಕಡೆಯಿಂದ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಚಲೋ ಆತು ಸ್ವಾಮಿ. ಈ ಸಲ ನನ್ನ ಜೋಳಿಗೆ ನಾನೇ ಹೊರ್ತೀನಿ. ನಿಮ್ಮ ಕೈ ಖಾಲಿ ಇರ್ಲಿ" ಎಂದರು.

ಬರೆದದ್ದರಲ್ಲಿ ತಪ್ಪಿದ್ದರೆ ಹಿರಿಯ ಸ್ವಾಮಿಗಳು ತಿದ್ದಬೇಕು, ಕ್ಷಮಿಸಬೇಕು. ಅರಿತೋ ಅರಿಯದೆಯೋ ಮಾಡಿದ ಎಲ್ಲಾ ತಪ್ಪುಗಳನ್ನೂ ಸ್ವಾಮಿ ಮನ್ನಿಸಲಿ. ಎಲ್ಲರ ಯಾತ್ರೆಯೂ ಸುಗಮವಾಗಲಿ.

ಸ್ವಾಮಿಯೇ ಶರಣಂ ಅಯ್ಯಪ್ಪ.